ಲಂಚ ಯಾವ ದೇಶದ ರಕ್ತದಲ್ಲೂ ಇಲ್ಲ: ಇಂಗ್ಲೆಂಡಿನ ಹಳೇ ಲೆಕ್ಕ ಏನು ಹೇಳುತ್ತದೆ?

ಪ್ರತಿ ವರ್ಷದ ಮೊದಲ ತಿಂಗಳುಗಳಲ್ಲಿ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪಟ್ಟಿ ಬಂದೇ ಬರುತ್ತದೆ. ಯಾವ ದೇಶದಲ್ಲಿ ಭ್ರಷ್ಟಾಚಾರ ಎಷ್ಟು ಎಂದು ಹೇಳುವ ಪಟ್ಟಿ ಅದು. ಜರ್ಮನಿಯ ಬರ್ಲಿನ್‌ನಲ್ಲಿ ಕಚೇರಿ ಇರುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1995ರಿಂದ ಇದನ್ನು ಹೊರಡಿಸುತ್ತಿದೆ. ಈಗಿನ ಲೆಕ್ಕದಲ್ಲಿ ನೂರಕ್ಕೆ ನೂರು ಬಂದರೆ ಪೂರಾ ಶುದ್ಧ, ಸೊನ್ನೆ ಬಂದರೆ ಪೂರಾ ಹಾಳು. 2024ರ ಪಟ್ಟಿಯಲ್ಲಿ ಡೆನ್ಮಾರ್ಕಿಗೆ 90, ಫಿನ್‌ಲ್ಯಾಂಡಿಗೆ 88, ಸಿಂಗಪುರಕ್ಕೆ 84, ಬ್ರಿಟನ್ನಿಗೆ 71. ನಮ್ಮ ದೇಶಕ್ಕೆ 38. 180 ದೇಶಗಳಲ್ಲಿ ನಮ್ಮದು 96ನೇ ಜಾಗ. ತಳದಲ್ಲಿದ್ದ ದಕ್ಷಿಣ ಸುಡಾನಿಗೆ 8.

ಪಟ್ಟಿ ಬಂದ ಕೂಡಲೇ ಗುಂಪಿನಲ್ಲಿ ಎರಡು ಮಾತು ಶುರುವಾಗುತ್ತವೆ. ಒಂದು, "ನಮ್ಮ ಜನಾನೇ ಹಿಂಗೆ, ಈ ದೇಶ ಉದ್ಧಾರ ಆಗಲ್ಲ ಬಿಡ್ರಿ." ಇನ್ನೊಂದು, "ಎಲ್ಲಾ ಕಡೆನೂ ಹಿಂಗೇ ಕಣ್ರೀ, ಅವರದ್ದು ಹೊರಗೆ ಕಾಣಲ್ಲ, ನಮ್ಮದು ಕಾಣುತ್ತೆ ಅಷ್ಟೇ."

ಜಿಲ್ಲೆಯಲ್ಲಿ ಸುದ್ದಿ ಹೆಕ್ಕುವ ನಮ್ಮಂಥವರಿಗೆ ಈ ಎರಡೂ ಮಾತು ಕಚೇರಿಗಳ ಜಗಲಿಯಲ್ಲಿ ದಿನಾ ಕೇಳಿಸುತ್ತವೆ. ಒಂದಕ್ಕೊಂದು ಉಲ್ಟಾ ಮಾತುಗಳಂತೆ ಕಂಡರೂ ಎರಡರ ಫಲ ಒಂದೇ. ಎರಡನ್ನು ಕೇಳಿದರೂ ಲಂಚ ತಿನ್ನುವವನಿಗೆ ಹಾಯಾಗಿ ನಿದ್ದೆ ಬರುತ್ತದೆ. ಗುಣವೇ ಹಾಗೆ ಎಂದಾದರೆ ಯಾರೇನು ಮಾಡಲು ಸಾಧ್ಯ? ಎಲ್ಲಾ ಕಡೆ ಹಾಗೇ ಎಂದಾದರೂ ಯಾರೇನು ಮಾಡಲು ಸಾಧ್ಯ?

ಹಾಗಾಗಿ ಈ ಪ್ರಶ್ನೆಯನ್ನು ಇತಿಹಾಸದ ಮುಂದಿಟ್ಟು ನೋಡೋಣ. ಕೆಲವು ದೇಶಗಳಲ್ಲಿ ರಾಜಕೀಯದ ಭ್ರಷ್ಟಾಚಾರ ನಿಜಕ್ಕೂ ಹೆಚ್ಚೇ? ಹೆಚ್ಚಿದ್ದರೆ ಯಾಕೆ? ಇದಕ್ಕೆ ನಾವು ಆರಿಸಿಕೊಂಡಿರುವುದು ನಮ್ಮನ್ನು ಆಳಿ, ನಮಗೆ ನೀತಿಪಾಠ ಹೇಳಿ ಹೋದ ಇಂಗ್ಲೆಂಡನ್ನೇ.

ಜನರಿಲ್ಲದ ದಿಬ್ಬಕ್ಕೆ ಇಬ್ಬರು ಎಂಪಿ

ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದ ಪಕ್ಕ ಓಲ್ಡ್ ಸೇರಂ ಎಂಬ ಹಳೇ ಕೋಟೆಯ ದಿಬ್ಬವಿದೆ. ಒಂದು ಕಾಲಕ್ಕೆ ಅಲ್ಲಿ ಊರಿತ್ತು. ಜನ ಬಿಟ್ಟು ಹೋಗಿ ಹುಲ್ಲು ಬೆಳೆದು ಶತಮಾನಗಳೇ ಆಗಿದ್ದವು. ಆದರೂ 1832ರ ತನಕ ಆ ದಿಬ್ಬ ಲಂಡನ್ನಿನ ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ವೋಟು ಇದ್ದದ್ದು ಅಲ್ಲಿನ ನೆಲದ ತುಂಡುಗಳಿಗೆ. ಆ ನೆಲ ಯಾರ ಕೈಯಲ್ಲಿದೆಯೋ ಎಂಪಿ ಸ್ಥಾನ ಅವರ ಜೇಬಿನಲ್ಲಿ. ಬೆರಳೆಣಿಕೆಯ ಮತದಾರರು ಬೇರೆಲ್ಲೋ ಇದ್ದು, ಚುನಾವಣೆ ದಿನ ಬಂದು ಹೊಲದಲ್ಲಿ ನಿಂತು, ಯಜಮಾನ ಹೇಳಿದ ಹೆಸರು ಹೇಳಿ ಹೋಗುತ್ತಿದ್ದರು.

ಆ ನೆಲ ಬಹಳ ಕಾಲ ಪಿಟ್ ಮನೆತನದ ಕೈಯಲ್ಲಿತ್ತು. ಅದನ್ನು ಕೊಂಡವನು ಥಾಮಸ್ ಪಿಟ್. ಹಿಂದೂಸ್ತಾನದ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಮುಂದೆ 1698ರಿಂದ 1709ರ ತನಕ ಈಸ್ಟ್ ಇಂಡಿಯಾ ಕಂಪನಿಯ ಮದರಾಸಿನ ಗವರ್ನರ್ ಆಗಿದ್ದ. ಗೋಲ್ಕೊಂಡಾ ಸೀಮೆಯ ಗಣಿಯ ದೊಡ್ಡ ವಜ್ರವೊಂದನ್ನು ಮದರಾಸಿನಲ್ಲಿ ಕೊಂಡು, ಫ್ರಾನ್ಸಿನ ಅರಮನೆಗೆ ಮಾರಿ ಹೆಸರಾದವನು. ಇವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಮೊದಲ ಸಲ ಸಂಸತ್ತಿಗೆ ಹೋದದ್ದು ಇದೇ ಖಾಲಿ ದಿಬ್ಬದಿಂದ. ಆತ ಮುಂದೆ ಬ್ರಿಟನ್ನಿನ ಪ್ರಧಾನಿಯಾದ.

ಡನ್‌ವಿಚ್ ಎಂಬ ಇನ್ನೊಂದು ಊರಿತ್ತು. ಕಡಲ ಕೊರೆತಕ್ಕೆ ಸಿಕ್ಕಿ ಆ ಊರಿನ ಬಹುಭಾಗ ಸಮುದ್ರದ ಪಾಲಾಗಿತ್ತು. ಅದಕ್ಕೂ ಇಬ್ಬರು ಎಂಪಿಗಳು. ಅದೇ ಹೊತ್ತಿಗೆ ಗಿರಣಿಗಳಿಂದ ತುಂಬಿ ತುಳುಕುತ್ತಿದ್ದ ಮ್ಯಾಂಚೆಸ್ಟರ್ ಮತ್ತು ಬರ್ಮಿಂಗ್‌ಹ್ಯಾಂ ನಗರಗಳಿಗೆ ತಮ್ಮದೇ ಎಂಪಿ ಒಬ್ಬರೂ ಇರಲಿಲ್ಲ. ಇಂಥ ಕ್ಷೇತ್ರಗಳಿಗೆ ಇಂಗ್ಲಿಷರೇ ಕೊಳೆತ ಕ್ಷೇತ್ರ, ಜೇಬಿನ ಕ್ಷೇತ್ರ ಎಂದು ಹೆಸರಿಟ್ಟಿದ್ದರು.

ಇದನ್ನು ಭ್ರಷ್ಟಾಚಾರ ಎನ್ನಬೇಕೋ ಬೇಡವೋ? ಆಗಿನ ಕಾನೂನಿನ ಪ್ರಕಾರ ನೆಲ ಕೊಂಡು ಎಂಪಿ ಸ್ಥಾನ ಹಿಡಿಯುವುದು ತಪ್ಪೇ ಆಗಿರಲಿಲ್ಲ. ಈ ಮಾತು ನೆನಪಿರಲಿ. ಕಾನೂನು ಸುಮ್ಮನಿದ್ದರೆ ಭ್ರಷ್ಟಾಚಾರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ವೋಟಿಗೆ ನೋಟು, ಕೂಗಿ ಹೇಳುವ ಮತ

ಜನ ಇದ್ದ ಊರುಗಳಲ್ಲಿ ಕಥೆ ಬೇರೆ. ಅಲ್ಲಿ ವೋಟನ್ನು ನೇರವಾಗಿ ಕೊಳ್ಳುತ್ತಿದ್ದರು. ಆಗ ಗುಟ್ಟಿನ ಮತದಾನ ಇರಲಿಲ್ಲ. ಮತದಾರ ಎಲ್ಲರೆದುರು ಕಟ್ಟೆ ಹತ್ತಿ ಯಾರಿಗೆ ತನ್ನ ಮತ ಎಂದು ಬಾಯಿಬಿಟ್ಟು ಹೇಳಬೇಕು. ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಯಾರು ಯಾರಿಗೆ ಮತ ಹಾಕಿದರು ಎಂಬ ಪುಸ್ತಕಗಳು ಅಚ್ಚಾಗಿ ಮಾರಾಟಕ್ಕೂ ಬರುತ್ತಿದ್ದವು. ದುಡ್ಡು ಕೊಟ್ಟವನಿಗೆ ತಾನು ಕೊಂಡ ಮಾಲು ಸರಿಯಾಗಿ ಬಂತೋ ಇಲ್ಲವೋ ಎಂದು ನೋಡಲು ರಸೀದಿ ಸಿಕ್ಕ ಹಾಗೆ. ಜಮೀನ್ದಾರನಿಗೂ ತನ್ನ ಒಕ್ಕಲು ಮಾತು ಮೀರಿದನೋ ಎಂದು ಗೊತ್ತಾಗುತ್ತಿತ್ತು.

ಸಡ್‌ಬರಿ ಎಂಬ ಊರಿನ ಕಥೆ ನಮಗೂ ಸಂಬಂಧಪಟ್ಟದ್ದು. 1841ರಲ್ಲಿ ಅಲ್ಲಿಂದ ಗೆದ್ದವನು ಡೇವಿಡ್ ಆಕ್ಟರ್‌ಲೋನಿ ಡೈಸ್ ಸೋಂಬ್ರ್. ಮೀರತ್ ಹತ್ತಿರದ ಸರ್ಧಾನಾ ಸಂಸ್ಥಾನದ ಬೇಗಂ ಸಮ್ರು ಸಾಕಿ ಬೆಳೆಸಿದ ವಾರಸುದಾರ. ಭಾರತೀಯ ಮೂಲದವರಲ್ಲಿ ಬ್ರಿಟನ್ನಿನ ಸಂಸತ್ತಿಗೆ ಆರಿಸಿಬಂದ ಮೊದಲಿಗ ಎಂದು ಇವನ ಹೆಸರು ಹೇಳುತ್ತಾರೆ. ಆದರೆ ಆ ಕುರ್ಚಿ ವರ್ಷವೂ ಉಳಿಯಲಿಲ್ಲ. ವಿಪರೀತ ಲಂಚ ಹಂಚಿದ್ದು ಸಾಬೀತಾಗಿ 1842ರಲ್ಲಿ ಆ ಚುನಾವಣೆಯನ್ನೇ ರದ್ದು ಮಾಡಿದರು. 1844ರಲ್ಲಿ ಸಡ್‌ಬರಿ ಊರು ತನ್ನ ಎಂಪಿ ಸ್ಥಾನಗಳನ್ನೇ ಕಳೆದುಕೊಂಡಿತು. ಹಣ ಹೋಗಿದ್ದು ಹಿಂದೂಸ್ತಾನದಿಂದ, ಕೈ ಚಾಚಿದ್ದು ಇಂಗ್ಲೆಂಡಿನ ಮತದಾರ. ಯಾರ ರಕ್ತದಲ್ಲಿ ಲಂಚ ಇತ್ತು, ನೀವೇ ಹೇಳಿ.

ಕಾರ್ನ್‌ವಾಲಿಸ್ ಬರೆದ ಎರಡು ಔಷಧಿ ಚೀಟಿ

ಹಿಂದೂಸ್ತಾನಕ್ಕೆ ಬಂದ ಕಂಪನಿ ನೌಕರರೂ ಇದೇ ಇಂಗ್ಲೆಂಡಿನಿಂದ ಬಂದವರು. ಸಂಬಳ ಚಿಲ್ಲರೆ, ಅಧಿಕಾರ ಬೆಟ್ಟದಷ್ಟು, ಕೇಳುವವರು ಆರು ತಿಂಗಳ ಹಡಗಿನ ದಾರಿಯಾಚೆ. ಫಲ ಏನಾಗಬೇಕೋ ಅದೇ ಆಯಿತು. 1757ರಲ್ಲಿ ಪ್ಲಾಸಿ ಯುದ್ಧದ ನಂತರ ಮೀರ್ ಜಾಫರನನ್ನು ಬಂಗಾಳದ ನವಾಬನಾಗಿ ಕೂರಿಸಿದ ರಾಬರ್ಟ್ ಕ್ಲೈವ್, ಅದಕ್ಕೆ "ಉಡುಗೊರೆ"ಯಾಗಿ ಪಡೆದದ್ದು 2,34,000 ಪೌಂಡ್. ಅದರ ಮೇಲೆ ವರ್ಷಕ್ಕೆ ಸುಮಾರು 27,000 ಪೌಂಡ್ ಬರುವ ಜಾಗೀರು ಬೇರೆ. ಇಂಗ್ಲೆಂಡಿಗೆ ಮರಳಿದ ಮೇಲೆ ಈ ದುಡ್ಡಿನಲ್ಲಿ ಅವನು ಬಿಷಪ್ಸ್ ಕ್ಯಾಸಲ್ ಎಂಬ ಕ್ಷೇತ್ರದ ಹಿಡಿತವನ್ನೇ ಕೊಂಡುಕೊಂಡ. 1773ರಲ್ಲಿ ಸಂಸತ್ತು ಅವನ ವಿಚಾರಣೆ ನಡೆಸಿತು. ಇಷ್ಟು ಹಣ ಪಡೆದದ್ದು ನಿಜ ಎಂದು ಬರೆದುಕೊಂಡಿತು. ಜೊತೆಗೆ ದೇಶಕ್ಕೆ ದೊಡ್ಡ ಸೇವೆ ಮಾಡಿದ್ದಾನೆ ಎಂದೂ ಬರೆದು ಕೈಬಿಟ್ಟಿತು.

ಆಮೇಲೆ 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದವನು ಲಾರ್ಡ್ ಕಾರ್ನ್‌ವಾಲಿಸ್. ಈ ಹೆಸರು ನಮ್ಮ ಕಡೆ ಬೇರೆ ಕಾರಣಕ್ಕೆ ಗೊತ್ತು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು ಇವನೇ. ಅವನ ಇನ್ನೊಂದು ಕೆಲಸ ನಮ್ಮ ಇವತ್ತಿನ ಪ್ರಶ್ನೆಗೆ ನೇರವಾಗಿ ತಾಗುತ್ತದೆ.

ಕಂಪನಿಯ ಇಂಗ್ಲಿಷ್ ನೌಕರರು ಲೂಟಿಗೆ ಇಳಿದಿದ್ದಾರೆ ಎಂದು ಕಾರ್ನ್‌ವಾಲಿಸನಿಗೆ ಗೊತ್ತಿತ್ತು. ಅದಕ್ಕೆ ಅವನು ಕಂಡುಕೊಂಡ ಕಾರಣ ಇದು: ಸಂಬಳ ಕಡಿಮೆ, ಖಾಸಗಿ ವ್ಯಾಪಾರಕ್ಕೆ ದಾರಿ ತೆರೆದಿದೆ, ಮೇಲೆ ನಿಗಾ ಇಲ್ಲ. ಅವನು ಕೊಟ್ಟ ಔಷಧಿಯೂ ಅದಕ್ಕೆ ತಕ್ಕದ್ದೇ. ಜಿಲ್ಲಾ ಕಲೆಕ್ಟರನ ಸಂಬಳ ತಿಂಗಳಿಗೆ 1,500 ರೂಪಾಯಿಗೆ ಏರಿಸಿದ. ವಸೂಲಾದ ಕಂದಾಯದಲ್ಲಿ ನೂರಕ್ಕೆ ಒಂದರ ಲೆಕ್ಕದಲ್ಲಿ ಪಾಲು ಕೊಟ್ಟ. ಖಾಸಗಿ ವ್ಯಾಪಾರ, ಉಡುಗೊರೆ ನಿಲ್ಲಿಸಿದ. ಕಂದಾಯ ಎತ್ತುವವನ ಕೈಯಿಂದ ನ್ಯಾಯ ಹೇಳುವ ಅಧಿಕಾರ ಬಿಡಿಸಿದ.

ಭಾರತೀಯ ನೌಕರರ ವಿಷಯ ಬಂದಾಗ ಅದೇ ಮನುಷ್ಯ ಬೇರೆಯೇ ಕಾರಣ ಹೇಳಿದ. ಇವರು ಹುಟ್ಟಾ ಭ್ರಷ್ಟರು, ನಂಬುವ ಜನ ಅಲ್ಲ ಎಂಬುದು ಅವನ ಅಭಿಪ್ರಾಯ. ಹಾಗಾಗಿ ವರ್ಷಕ್ಕೆ 500 ಪೌಂಡಿಗಿಂತ ಹೆಚ್ಚು ಸಂಬಳದ ಹುದ್ದೆಗಳು ನಮ್ಮವರಿಗೆ ಮುಚ್ಚಿಹೋದವು. ಊರ ಕಾವಲಿಗೆ ನೇಮಿಸಿದ ದರೋಗನಿಗೆ ತಿಂಗಳಿಗೆ ಕೊಟ್ಟದ್ದು 25 ರೂಪಾಯಿ ಆಸುಪಾಸು. ಒಂದಿಡೀ ಸೀಮೆಯ ಪೊಲೀಸ್ ಅಧಿಕಾರ ಕೈಯಲ್ಲಿ, ಮನೆ ನಡೆಸಲು 25 ರೂಪಾಯಿ! ದರೋಗ ಜನರನ್ನು ಸುಲಿದ. ಸುಲಿದದ್ದನ್ನು ತೋರಿಸಿ ಇಂಗ್ಲಿಷರು, ನೋಡಿ ಇವರ ಜಾಯಮಾನವೇ ಇಷ್ಟು ಎಂದರು.

ಇಬ್ಬರಿಗೂ ಇದ್ದದ್ದು ಒಂದೇ ಕಾಯಿಲೆ. ತನ್ನವರಿಗೆ ಬಂದಾಗ ಅದು ಏರ್ಪಾಡಿನ ದೋಷ, ಆಳಿಸಿಕೊಳ್ಳುವವನಿಗೆ ಬಂದಾಗ ಹುಟ್ಟುಗುಣ. ಇವತ್ತು ನಾವೇ ನಮ್ಮ ಬಗ್ಗೆ "ನಮ್ಮ ಜನಾನೇ ಹಿಂಗೆ" ಎನ್ನುವಾಗ ಆಡುತ್ತಿರುವುದು ಕಾರ್ನ್‌ವಾಲಿಸನ ಮಾತನ್ನೇ. ಅವನು ಹೋಗಿ ಇನ್ನೂರು ವರ್ಷವಾದರೂ ಅವನ ಮಾತು ನಮ್ಮ ಬಾಯಿಂದ ಹೋಗಿಲ್ಲ.

ಇಂಗ್ಲೆಂಡ್ ಹೇಗೆ ತೊಳೆದುಕೊಂಡಿತು

ಇಂಗ್ಲೆಂಡಿನವರು ಒಂದು ದಿನ ಬೆಳಗೆದ್ದು ಸತ್ಯಹರಿಶ್ಚಂದ್ರರಾಗಲಿಲ್ಲ. ಬೀದಿಗಿಳಿದ ಜನರ ಒತ್ತಡ, ಪತ್ರಿಕೆಗಳ ಕಾಟ, ಪಕ್ಷಗಳ ಜಗಳ ಎಲ್ಲ ಸೇರಿ ಒಂದೊಂದೇ ತೂತು ಮುಚ್ಚುತ್ತಾ ಬಂದರು. ವರ್ಷಗಳನ್ನು ಸಾಲಾಗಿ ನೋಡಿ.

1832ರಲ್ಲಿ ಸುಧಾರಣಾ ಕಾಯ್ದೆ ಬಂತು. ಓಲ್ಡ್ ಸೇರಂ, ಡನ್‌ವಿಚ್ ಸೇರಿ 56 ಕೊಳೆತ ಕ್ಷೇತ್ರಗಳು ರದ್ದಾದವು. ಮ್ಯಾಂಚೆಸ್ಟರಿಗೆ ಎಂಪಿ ಸಿಕ್ಕರು. ಲಂಚ ನಿಲ್ಲಲಿಲ್ಲ. ಸಡ್‌ಬರಿ ಕಥೆ ನಡೆದದ್ದು ಇದಾದ ಮೇಲೆಯೇ.

1854ರಲ್ಲಿ ಸರ್ಕಾರಿ ನೌಕರಿಗಳನ್ನು ಶಿಫಾರಸಿನ ಬದಲು ಪರೀಕ್ಷೆ ಮೇಲೆ ಕೊಡಿ ಎಂಬ ವರದಿ ಬಂತು. ಬರೆದ ಇಬ್ಬರಲ್ಲಿ ಒಬ್ಬ, ಹಿಂದೆ ಹಿಂದೂಸ್ತಾನದಲ್ಲಿ ಕೆಲಸ ಮಾಡಿದ್ದ ಚಾರ್ಲ್ಸ್ ಟ್ರೆವೆಲ್ಯನ್. ದೊಡ್ಡಮನೆಯವರು ತಮ್ಮ ಮಕ್ಕಳ ಗತಿ ಏನು ಎಂದು ಅಡ್ಡಗಾಲು ಹಾಕಿದರು. ಹಿಂದೂಸ್ತಾನದ ಸಿವಿಲ್ ಸರ್ವಿಸಿಗೆ 1855ರಲ್ಲೇ ಸ್ಪರ್ಧಾ ಪರೀಕ್ಷೆ ಶುರುವಾದರೆ, ಸ್ವತಃ ಬ್ರಿಟನ್ನಿನ ಇಲಾಖೆಗಳಿಗೆ ಮುಕ್ತ ಪರೀಕ್ಷೆ ಬರಲು 1870 ಆಗಬೇಕಾಯಿತು.

1868ರಲ್ಲಿ ಚುನಾವಣಾ ತಕರಾರುಗಳನ್ನು ಎಂಪಿಗಳ ಸಮಿತಿಯಿಂದ ಕಿತ್ತು ನ್ಯಾಯಾಧೀಶರ ಕೈಗೆ ಕೊಟ್ಟರು. ಕಳ್ಳನ ವಿಚಾರಣೆಗೆ ಕಳ್ಳನ ನೆಂಟರು ಕೂರುವುದು ನಿಂತಿತು.

1871ರಲ್ಲಿ ಸೈನ್ಯದ ಅಧಿಕಾರಿ ಹುದ್ದೆಗಳ ಮಾರಾಟ ನಿಂತಿತು. ಹೌದು, ಅಲ್ಲಿಯವರೆಗೆ ಸೈನ್ಯದ ಬಹುಪಾಲು ಅಧಿಕಾರಿ ಹುದ್ದೆಗಳನ್ನು ಕಾನೂನಿನ ಪ್ರಕಾರವೇ ದುಡ್ಡು ಕೊಟ್ಟು ಕೊಳ್ಳಬಹುದಿತ್ತು.

1872ರಲ್ಲಿ ಗುಟ್ಟಿನ ಮತದಾನ ಬಂತು. ದುಡ್ಡು ಕೊಟ್ಟವನಿಗೆ ರಸೀದಿ ಸಿಗುವುದು ತಪ್ಪಿತು.

1883ರಲ್ಲಿ ಚುನಾವಣಾ ಅಕ್ರಮ ತಡೆ ಕಾಯ್ದೆ ಬಂತು. ಅಭ್ಯರ್ಥಿ ಇಷ್ಟೇ ಖರ್ಚು ಮಾಡಬೇಕು, ಲೆಕ್ಕ ಕೊಡಬೇಕು, ತಪ್ಪಿದರೆ ಸ್ಥಾನ ಹೋಗುತ್ತದೆ, ಜೈಲೂ ಆಗಬಹುದು. 1880ರ ಚುನಾವಣೆಯಲ್ಲಿ ಅಭ್ಯರ್ಥಿಗಳು ತೋರಿಸಿದ ಖರ್ಚು ಸುಮಾರು 17 ಲಕ್ಷ ಪೌಂಡ್. 1885ರಲ್ಲಿ ಮತದಾರರ ಸಂಖ್ಯೆ ಬಹಳ ಹೆಚ್ಚಿದ್ದರೂ ಖರ್ಚು ಸುಮಾರು 10 ಲಕ್ಷಕ್ಕೆ ಇಳಿಯಿತು. ಜನ ಅದೇ ಜನ, ನಡುವೆ ಐದೇ ವರ್ಷ. ನಮ್ಮ 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಬರುವ ಖರ್ಚಿನ ಮಿತಿ ಮತ್ತು ಚುನಾವಣಾ ಭ್ರಷ್ಟ ಆಚರಣೆಗಳ ಪಟ್ಟಿಗೆ ಬೇರು ಇರುವುದು ಈ ಬಗೆಯ ಇಂಗ್ಲಿಷ್ ಕಾನೂನುಗಳಲ್ಲೇ.

1832ರಿಂದ 1883ರವರೆಗೆ ಎಣಿಸಿದರೆ 51 ವರ್ಷ. ಇಂಗ್ಲೆಂಡ್ ಶುದ್ಧವಾಗಿ ಹುಟ್ಟಿದ ದೇಶವಲ್ಲ. ಅರ್ಧ ಶತಮಾನ ಗುದ್ದಾಡಿ ಗುಡಿಸಿಕೊಂಡ ದೇಶ.

ಹಾಂಗ್‌ಕಾಂಗ್: ಹತ್ತೇ ವರ್ಷದಲ್ಲಿ

ಅರ್ಧ ಶತಮಾನವೇ ಬೇಕೇ ಎಂದು ನೀವು ಕೇಳಬಹುದು. ಹಾಂಗ್‌ಕಾಂಗ್ ಕಥೆ ಬೇಡ ಎನ್ನುತ್ತದೆ. 1997ರ ತನಕ ಅದು ಬ್ರಿಟಿಷರ ವಸಾಹತು. ತಮ್ಮ ಮನೆಯಲ್ಲಿ ಇಷ್ಟೆಲ್ಲ ಕಾನೂನು ಮಾಡಿಕೊಂಡ ಬ್ರಿಟಿಷರು ಅಲ್ಲಿ ಹೇಗಿದ್ದರು ನೋಡಿ.

1960ರ ದಶಕದ ಹಾಂಗ್‌ಕಾಂಗಿನಲ್ಲಿ ಯಾವ ಕೆಲಸಕ್ಕೂ "ಚಹಾ ಕಾಸು" ಬೇಕಿತ್ತು. ನಮ್ಮ "ಕಾಫಿಗೆ ಏನಾದ್ರೂ" ಇದ್ದ ಹಾಗೆ. ಆಸ್ಪತ್ರೆಯಲ್ಲಿ ರೋಗಿಗೆ ಕುಡಿಯಲು ನೀರು ಬೇಕಾದರೂ ಆಯಾಗೆ ಕಾಸು. ಬೆಂಕಿ ಬಿದ್ದ ಮನೆಗೆ ನೀರು ಬಿಡುವ ಮೊದಲು ಅಗ್ನಿಶಾಮಕದವರಿಗೆ ಕಾಸು. ಪೊಲೀಸರಲ್ಲಿ ವಸೂಲಿಯ ಕೂಟಗಳೇ ಇದ್ದವು. ಹೊಸದಾಗಿ ಸೇರಿದವನ ಎದುರು ಮೂರು ದಾರಿ: ಬಸ್ಸು ಹತ್ತು, ಇಲ್ಲ ಬಸ್ಸಿನ ಪಕ್ಕ ಓಡು, ಆದರೆ ಬಸ್ಸಿಗೆ ಅಡ್ಡ ನಿಲ್ಲಬೇಡ. ಅಂದರೆ ಪಾಲು ತಗೋ, ಬೇಡವಾದರೆ ಸುಮ್ಮನಿರು, ದೂರು ಮಾತ್ರ ಕೊಡಬೇಡ.

1973ರಲ್ಲಿ ಪೀಟರ್ ಗಾಡ್‌ಬರ್ ಎಂಬ ಬ್ರಿಟಿಷ್ ಪೊಲೀಸ್ ಅಧಿಕಾರಿಯ ಹತ್ತಿರ 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಮೀರಿದ ಆಸ್ತಿ ಇರುವುದು ಬಯಲಾಯಿತು. ಇಪ್ಪತ್ತು ವರ್ಷದಲ್ಲಿ ಅವನಿಗೆ ಬಂದ ಒಟ್ಟು ಸಂಬಳದ ಸುಮಾರು ಆರು ಪಟ್ಟು. ಇದು ಎಲ್ಲಿಂದ ಬಂತು ಹೇಳು ಎಂದು ನೋಟಿಸ್ ಕೊಟ್ಟರು. ಜೂನ್ 8ರಂದು ಅವನು ತನ್ನ ಪೊಲೀಸ್ ಪಾಸು ತೋರಿಸಿ ವಿಮಾನ ಹತ್ತಿ ಇಂಗ್ಲೆಂಡಿಗೆ ಪರಾರಿಯಾದ.

ಜನ ರೊಚ್ಚಿಗೆದ್ದರು. ಭ್ರಷ್ಟಾಚಾರ ಅಳಿಸಿ, ಗಾಡ್‌ಬರನನ್ನು ಹಿಡಿಯಿರಿ ಎಂದು ವಿದ್ಯಾರ್ಥಿಗಳು, ಸಾಮಾನ್ಯರು ಮೆರವಣಿಗೆ ತೆಗೆದರು. ಗವರ್ನರ್ ಮರ್ರೇ ಮೆಕ್ಲಿಹೋಸ್ 1974ರ ಫೆಬ್ರವರಿ 15ರಂದು ಹೊಸ ಭ್ರಷ್ಟಾಚಾರ ವಿರೋಧಿ ಆಯೋಗ ತೆರೆದ. ಅಲ್ಲಿಯತನಕ ಪೊಲೀಸರ ಮೇಲಿನ ಲಂಚದ ದೂರನ್ನು ತನಿಖೆ ಮಾಡುತ್ತಿದ್ದದ್ದು ಪೊಲೀಸರದೇ ಒಂದು ಶಾಖೆ. ಬೇಲಿಯೇ ಎದ್ದು ಹೊಲ ಮೇಯುತ್ತಿರುವಾಗ ಕಾವಲಿಗೂ ಅದೇ ಬೇಲಿ. ಹೊಸ ಆಯೋಗ ಪೊಲೀಸರ ಕೆಳಗಿರಲಿಲ್ಲ, ಯಾವ ಇಲಾಖೆಯ ಕೆಳಗೂ ಇರಲಿಲ್ಲ. ಉತ್ತರ ಹೇಳಬೇಕಾದದ್ದು ಗವರ್ನರನಿಗೆ ಮಾತ್ರ.

ಅದಕ್ಕೆ ಮೂರು ಕೈಗಳಿದ್ದವು. ಒಂದು ತನಿಖೆ ಮಾಡಿ ಹಿಡಿಯುವುದು. ಎರಡನೆಯದು ಇಲಾಖೆಗಳ ಒಳಹೊಕ್ಕು, ಲಂಚ ಯಾವ ತೂತಿನಿಂದ ಹುಟ್ಟುತ್ತಿದೆ ಎಂದು ಹುಡುಕಿ ಮುಚ್ಚುವುದು. ಮೂರನೆಯದು ಬಡಾವಣೆಗಳಿಗೆ ಹೋಗಿ ಜನರ ಜೊತೆ ಕೂತು ಮಾತಾಡುವುದು, ದೂರು ಪಡೆಯುವುದು. ಇದರ ಜೊತೆಗೆ ಬಿಗಿಯಾದ ಕಾನೂನೂ ಇತ್ತು. ಸಂಬಳಕ್ಕೆ ಮೀರಿದ ಆಸ್ತಿ ಇದ್ದರೆ, ಅದು ಹೇಗೆ ಬಂತು ಎಂದು ನೌಕರನೇ ತೃಪ್ತಿಕರವಾಗಿ ಹೇಳಬೇಕು, ಇಲ್ಲವಾದರೆ ಅದೇ ಅಪರಾಧ.

ಗಾಡ್‌ಬರನನ್ನು 1975ರ ಜನವರಿಯಲ್ಲಿ ಇಂಗ್ಲೆಂಡಿನಿಂದ ವಾಪಸು ತಂದು ನಾಲ್ಕು ವರ್ಷ ಜೈಲಿಗೆ ಹಾಕಿದರು. ದೊಡ್ಡ ಮೀನು ಸಿಕ್ಕಿದ್ದನ್ನು ಕಣ್ಣಾರೆ ಕಂಡ ಜನಕ್ಕೆ ನಂಬಿಕೆ ಬಂತು. ಮೊದಲು ಹೆಸರು ಹೇಳದೆ ದೂರು ಕೊಡುತ್ತಿದ್ದವರೇ ಹೆಚ್ಚಾಗಿದ್ದರು. ವರ್ಷ ಕಳೆದಂತೆ ಹೆಸರು, ವಿಳಾಸ ಕೊಟ್ಟು ದೂರುವವರು ಹೆಚ್ಚಾದರು.

ದಾರಿ ಸಲೀಸಾಗಿತ್ತು ಎಂದುಕೊಳ್ಳಬೇಡಿ. 1977ರ ಅಕ್ಟೋಬರಿನಲ್ಲಿ ಪೊಲೀಸರೇ ದಂಗೆ ಎದ್ದು ಆಯೋಗದ ಕಚೇರಿಗೆ ನುಗ್ಗಿದರು. ಗವರ್ನರ್ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. 1977ರ ಜನವರಿ 1ಕ್ಕೆ ಮೊದಲಿನ ಬಹುತೇಕ ಹಳೇ ಪ್ರಕರಣಗಳನ್ನು ಕೈಬಿಟ್ಟ. ಆದರೆ ಆಯೋಗವನ್ನು ಮುಚ್ಚಲಿಲ್ಲ. ಹಳೆಯದು ಹೋಗಲಿ, ಇನ್ನು ಮುಂದೆ ತಿಂದರೆ ಬಿಡುವುದಿಲ್ಲ ಎಂಬ ಗೆರೆ ಎಳೆದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಪೊಲೀಸರ ಆ ದೊಡ್ಡ ವಸೂಲಿ ಕೂಟಗಳು ಮುರಿದುಬಿದ್ದಿದ್ದವು. 2024ರ ಪಟ್ಟಿಯಲ್ಲಿ ಹಾಂಗ್‌ಕಾಂಗಿಗೆ 74. ಬ್ರಿಟನ್ನಿಗಿಂತ ಮೂರು ಅಂಕ ಹೆಚ್ಚು!

ಪಟ್ಟಿಗೆ ಕಾಣದ ಕೊಳೆ

ಹಾಗಾದರೆ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಹುದೇ? ಸ್ವಲ್ಪ ತಡೆಯಿರಿ. ಅದು ಲಂಚದ ರಸೀದಿ ಎಣಿಸಿ ಮಾಡಿದ ಲೆಕ್ಕವಲ್ಲ. ಪರಿಣತರು, ವ್ಯಾಪಾರಸ್ಥರು ಒಂದು ದೇಶದ ಸರ್ಕಾರಿ ವಲಯದ ಬಗ್ಗೆ ಏನು ತಿಳಿದಿದ್ದಾರೆ ಎಂಬುದರ ಸರಾಸರಿ. ತನ್ನ ಮನೆಯೊಳಗೆ ಗುಡಿಸಿ ಕಸವನ್ನು ಪಕ್ಕದವರ ಅಂಗಳಕ್ಕೆ ಎಸೆಯುವವನೂ ಈ ಪಟ್ಟಿಯಲ್ಲಿ ಚೊಕ್ಕಟವಾಗಿಯೇ ಕಾಣಿಸುತ್ತಾನೆ.

ಜರ್ಮನಿಯನ್ನೇ ನೋಡಿ. ಅಲ್ಲಿನ ಕಂಪನಿಗಳು ಬೇರೆ ದೇಶದ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚು ಎಂದು ತೋರಿಸಿ ತೆರಿಗೆ ಕಡಿತ ಪಡೆಯಲು 1999ರ ಸುಮಾರಿನವರೆಗೂ ಅವಕಾಶವಿತ್ತು. ತನ್ನ ದೇಶದ ಗುಮಾಸ್ತನಿಗೆ ಕೊಟ್ಟರೆ ಅಪರಾಧ, ಬಡದೇಶದ ಮಂತ್ರಿಗೆ ಕೊಟ್ಟರೆ ಖರ್ಚು! ಬೋಫೋರ್ಸ್ ನಿಮಗೆ ನೆನಪಿರಬಹುದು. ನಮ್ಮ ಸೈನ್ಯಕ್ಕೆ ಫಿರಂಗಿ ಮಾರಲು ಕಮಿಷನ್ ಹಣ ಸಂದಾಯವಾಗಿದೆ ಎಂದು 1987ರಲ್ಲಿ ಹೊರಗೆಡವಿದ್ದು ಸ್ವೀಡನ್ನಿನ ರೇಡಿಯೊ. ಕೊಟ್ಟ ಆರೋಪ ಇದ್ದದ್ದೂ ಸ್ವೀಡನ್ನಿನ ಕಂಪನಿಯ ಮೇಲೆಯೇ. ಸ್ವೀಡನ್ ಪಟ್ಟಿಯ ಮೇಲಿನ ಸಾಲಿನ ದೇಶ.

ಅಂದರೆ "ಅವರದ್ದು ಹೊರಗೆ ಕಾಣಲ್ಲ" ಎನ್ನುವವರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಸ್ವಲ್ಪವೇ. ಡೆನ್ಮಾರ್ಕಿನ ರೈತ ತನ್ನ ಜಮೀನಿನ ಕಾಗದಕ್ಕೆ ಯಾರ ಕೈಯನ್ನೂ ಬಿಸಿ ಮಾಡುವುದಿಲ್ಲ. ನಮ್ಮ ರೈತ ಮಾಡುತ್ತಾನೆ. ಈ ವ್ಯತ್ಯಾಸ ಸುಳ್ಳಲ್ಲ, ಅದರ ಭಾರ ಬೀಳುವುದೂ ಬಡವನ ಮೇಲೆಯೇ.

ನಮ್ಮ ಮನೆಯ ಲೆಕ್ಕ

ಏರ್ಪಾಡು ಬದಲಾದರೆ ನಮ್ಮಲ್ಲೂ ಲಂಚ ಬದಲಾಗುತ್ತದೆಯೇ? ಹಿರಿಯರನ್ನು ಕೇಳಿ ನೋಡಿ. ಒಂದು ಕಾಲಕ್ಕೆ ಪಹಣಿ ಬೇಕಾದರೆ ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯಬೇಕಿತ್ತು. ರಾಜ್ಯದ ಪಹಣಿಯೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಪುಸ್ತಕ ಯಾರ ಕಂಕುಳಲ್ಲಿದೆಯೋ ಅವರು ಹೇಳಿದ್ದೇ ರೇಟು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು ಎರಡು ಕೋಟಿ ದಾಖಲೆ ಕಂಪ್ಯೂಟರಿಗೆ ಏರಿದವು, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು, ಕೈಬರಹದ ಪಹಣಿ ನಡೆಯದಂತಾಯಿತು. ಅದೇ ತಾಲ್ಲೂಕು, ಅದೇ ಜನ. ಪಹಣಿ ಪ್ರತಿಗೆ ಕೊಡುತ್ತಿದ್ದ ಲಂಚ ಬಹುಮಟ್ಟಿಗೆ ಬಿದ್ದುಹೋಯಿತು. ಖಾತೆ ಬದಲಾವಣೆ, ಪೋಡಿ, ಸರ್ವೆಯಲ್ಲಿ ಮಾತ್ರ ಕಾಟ ಉಳಿಯಿತು. ಯಾಕೆ? ಅಲ್ಲಿ ಇನ್ನೂ ಒಬ್ಬ ಮನುಷ್ಯ ಕಡತವನ್ನು ತನ್ನ ಇಷ್ಟದಂತೆ ತಡೆದು ಕೂರಬಹುದು. ತಡೆಯುವ ಕೈಗೆ ಗಡುವಿಲ್ಲದಿದ್ದರೆ, ಕೇಳುವವರಿಲ್ಲದಿದ್ದರೆ ಆ ಜಾಗದಲ್ಲಿ ಲಂಚ ಮೊಳೆಯುತ್ತದೆ, ಊರು ಯಾವುದಾದರೇನು.

ಲೋಕಾಯುಕ್ತದ ಕಥೆ ಇನ್ನೊಂದು. ಕರ್ನಾಟಕದಲ್ಲಿ 1984ರ ಕಾಯ್ದೆಯಿಂದ ಬಂದ ಸಂಸ್ಥೆ ಅದು. ಅಕ್ರಮ ಗಣಿಗಾರಿಕೆ ಬಗ್ಗೆ 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿಯ ಬೆನ್ನಿಗೇ ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಡಬೇಕಾಯಿತು. 2016ರಲ್ಲಿ ಬೇರೊಂದು ಸರ್ಕಾರ ಲೋಕಾಯುಕ್ತ ಪೊಲೀಸರ ತನಿಖಾ ಅಧಿಕಾರ ಕಿತ್ತು, ತನ್ನ ಹಿಡಿತದಲ್ಲೇ ಇದ್ದ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಟ್ಟಿತು. ಆರು ವರ್ಷ ಲೋಕಾಯುಕ್ತ ಹಲ್ಲು ಕಿತ್ತ ಹಾವಿನಂತಿತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡಿ ಅಧಿಕಾರ ವಾಪಸು ಕೊಡಿಸಿತು. ಹಾಂಗ್‌ಕಾಂಗಿನವರು ದಂಗೆ ಎದ್ದರೂ ಆಯೋಗವನ್ನು ಮುಚ್ಚಲಿಲ್ಲ, ನಾವು ಚೆನ್ನಾಗಿ ಕಚ್ಚುತ್ತಿದ್ದುದರ ಹಲ್ಲನ್ನೇ ಕಿತ್ತೆವು. ಇದು ನಮ್ಮ ಹುಟ್ಟುಗುಣದ ಕಥೆಯಲ್ಲ. ಇಂತಿಂಥ ವರ್ಷ, ಇಂತಿಂಥ ಆದೇಶದ ಮೂಲಕ ಮಾಡಿದ ತೀರ್ಮಾನದ ಕಥೆ. ಯಾವ ಪಕ್ಷದವರು ವೋಟು ಕೇಳಲು ಬಂದರೂ ಇದರ ಬಗ್ಗೆ ಒಂದು ಪ್ರಶ್ನೆ ಹಾಕಬಹುದು.

ಹಾಗಾದರೆ ಉತ್ತರ ಏನು?

ಕೆಲವು ದೇಶಗಳಲ್ಲಿ ಭ್ರಷ್ಟಾಚಾರ ಹೆಚ್ಚು, ಕೆಲವು ಕಡೆ ಕಡಿಮೆ. ಇದು ನಿಜ. ಆದರೆ ಯಾವ ದೇಶವೂ ಒಂದೇ ಜಾಗದಲ್ಲಿ ನಿಂತಿಲ್ಲ. 1800ರಲ್ಲಿ ಇಂಥ ಪಟ್ಟಿ ಇದ್ದಿದ್ದರೆ ಇಂಗ್ಲೆಂಡ್ ಎಲ್ಲಿರುತ್ತಿತ್ತು? 1970ರಲ್ಲಿ ಮಾಡಿದ್ದರೆ ಹಾಂಗ್‌ಕಾಂಗ್ ಎಲ್ಲಿರುತ್ತಿತ್ತು? ಅಲ್ಲಿ ಬದಲಾದದ್ದು ಮೂರು ಸಂಗತಿ. ತಿಂದವನು ಸಿಕ್ಕಿಬೀಳುವ ಭಯ ನಿಜವಾಯಿತು. ದೂರಿದವನಿಗೆ ತೊಂದರೆಯಾಗುವ ಭಯ ಕಡಿಮೆಯಾಯಿತು. ಲಂಚ ಕೇಳಲು ಅವಕಾಶ ಕೊಡುವ ತೂತುಗಳು ಒಂದೊಂದಾಗಿ ಮುಚ್ಚಿದವು. 2024ರ ಪಟ್ಟಿಯಲ್ಲಿ ನಮ್ಮ ಮತ್ತು ಡೆನ್ಮಾರ್ಕಿನ ನಡುವೆ ಇದ್ದ 52 ಅಂಕದ ಅಂತರದಲ್ಲಿ ರಕ್ತದ ಪಾಲು ಇಲ್ಲ, ಈ ಮೂರರ ಪಾಲಿದೆ.

ಕೊನೆಗೆ ಕೈಗೆ ಸಿಗುವ ಒಂದು ವಿಷಯ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಆ ಅಪರಾಧ ಅವರಿಗೆ ತಗಲುವುದಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ಕೊಡುವ ಮೊದಲೇ ಹೋಗಿ ಹೇಳಿದರೆ ಇನ್ನೂ ಒಳ್ಳೆಯದು. ನಿಮ್ಮ ಜಿಲ್ಲಾ ಕೇಂದ್ರದಲ್ಲೇ ಲೋಕಾಯುಕ್ತ ಪೊಲೀಸ್ ಕಚೇರಿ ಇದೆ. ಏಳು ದಿನ ಎಂಬ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಮುಂದಿನ ಸಲ ಆ ಪಟ್ಟಿ ಗುಂಪಿಗೆ ಬಂದಾಗ ಈ ವಿಷಯವನ್ನೂ ಜೊತೆಗೆ ಹಾಕಿ.